ಚಾಕ್ಕೆ ನೀರಿಡುವ ಮೊದಲು ಕೇಳಿ

ಕೋಡಿ ತೇಲುಪೇಟೆ,
ಇಸವಿ ೨೨೦೩, ಫೆಬ್ರವರಿ ಮೂವತ್ತು

ಜಲಜಜ್ಜಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ತಾರಿಣಿ ಮಾಡುವ ನಮಸ್ಕಾರ.

ತಾರೀಕು ನೋಡಿ ಕಾಗದ ಪಕ್ಕಕ್ಕಿಡಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳಿಗೆಲ್ಲ ಸಮಪಾಲು ಹಂಚಿ ಆಗಿದೆ. ಫೆಬ್ರವರಿಗೆ ಆಗಿದ್ದ ಅನ್ಯಾಯ ಸರಿಹೋಗಿದೆ. ಇನ್ನು ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮೆ ಇರಲಿ. ನಿಮಗೀಗ ಇಪ್ಪತ್ತೇಳು, ನನಗೆ ನಲವತ್ತೆಂಟು. ಆದರೂ ಬುದ್ಧಿ ಹೇಳುವ ಅಧಿಕಾರ ಅಜ್ಜಿಯದ್ದೇ ಎಂದು ಬಲ್ಲೆ. ಇದೊಂದು ಸಲ ಅದನ್ನು ಎರವಲು ಪಡೆಯುತ್ತೇನೆ.

ನಾನು ವೃತ್ತಿಯಿಂದ ನಾಚಿಕೆಗೆಟ್ಟವಳು. ಬೈಗುಳ ಅಲ್ಲ, ಹುದ್ದೆ. ಬಾಗಿಲ ಮೇಲೆ ಬೋರ್ಡು ಬರೆಸಿ ಹಾಕಿದ್ದೇನೆ. ಕಡಲು ಮೇಲೆ ಬಂದ ನಂತರ ನಮ್ಮ ಕೋಡಿ ಊರೇ ತೆಪ್ಪಗಳ ಮೇಲೆ ನಿಂತಿದೆ. ಅಂಗಡಿ, ಶಾಲೆ, ಕೋಳಿಗೂಡು ಎಲ್ಲವೂ ಭರತಕ್ಕೆ ಏರಿ ಇಳಿತಕ್ಕೆ ಇಳಿಯುತ್ತವೆ. ಜನ ಈಗಲೂ ಹೊರದೇಶಕ್ಕೆ ದುಡಿಯಲು ಹೋಗುತ್ತಾರೆ, ಹಿಮ ಕರಗಿದ ಉತ್ತರದ ಸೀಮೆಯಲ್ಲಿ ಗೋಧಿ ಕೊಯ್ಯಲು. ವೀಸಾ ಎಂಬ ಚೀಟಿ ಹೋಗಿ ಅಂಗೈಗೆ ಒತ್ತುವ ‘ಕೈಮುದ್ರೆ’ ಬಂದಿದೆ. ಮೋಸಗಾರರೂ ಹಿಂದೆ ಬಿದ್ದಿಲ್ಲ. ಸತ್ತ ಅಪ್ಪನ ದನಿಯಲ್ಲೇ ಫೋನು ಮಾಡಿ ಕೆಲಸ ಕೊಡಿಸುತ್ತೇನೆ ಎನ್ನುತ್ತಾರೆ. ಅದಕ್ಕೆ ನಾವು ‘ಬಾಡಿಗೆದನಿ’ ಎನ್ನುತ್ತೇವೆ. ಆದರೆ ಇಷ್ಟೆಲ್ಲ ಯಂತ್ರದ ಅಡಿಯಲ್ಲಿ ಅವರು ಹೂಡುವ ಬಂಡವಾಳ ನಿಮ್ಮ ಕಾಲದ್ದೇ. ಅದರ ಹೆಸರು ದಾಕ್ಷಿಣ್ಯ. ಅದೂ ಅವರದ್ದಲ್ಲ, ನಮ್ಮದು.

ಆದ್ದರಿಂದ ಕೆಲಸ ಕೊಡಿಸುವವನು ಯಾರೇ ಆಗಲಿ, ಮೊದಲು ‘ಕೇಳುಮನೆ’ಗೆ ಬರಬೇಕು. ಅದು ಹಳೆಯ ಮಂಜುಗಡ್ಡೆ ಕಾರ್ಖಾನೆಯ ಮಹಡಿ. ಹೊರಡುವವರು ಸುಮ್ಮನೆ ಕೂರುತ್ತಾರೆ, ಅವರ ಪರವಾಗಿ ನಾನು ಕೇಳುತ್ತೇನೆ. ಬಂದವನು ನನ್ನ ಮಾವನ ಮಗನಾದರೂ ಅಷ್ಟೇ, ದೇವಸ್ಥಾನದ ಮೊಕ್ತೇಸರನಾದರೂ ಅಷ್ಟೇ. ಪ್ರಶ್ನೆ ಮುಗಿಯುವವರೆಗೆ ಅಲ್ಲಿ ಯಾರಿಗೂ ಚಾ ಇಲ್ಲ. ಕೈಯಾರೆ ಚಾ ಕೊಟ್ಟ ಮೇಲೆ ಬಂದವನನ್ನು ಪ್ರಶ್ನಿಸಲು ನಮಗೆ ಬಾಯಿ ಬರುವುದಿಲ್ಲ; ಇದು ಈ ಊರಿನ ಹಳೇ ಕಾಯಿಲೆ. ಹೋದ ತಿಂಗಳು ಒಬ್ಬ, “ಎಂತ ಮಾರಾಯ್ತಿ, ನನ್ ಮೇಲೆ ನಂಬಿಕೆ ಇಲ್ಯಾ?” ಎಂದ. “ಈಗ್ಳೂ ಇತ್ತ್. ಚಾದ ಒಟ್ಟಿಗೆ ಕೊಡ್ತೆ” ಅಂದೆ. ಚಾ ಕುಡಿಯದೆಯೇ ಎದ್ದುಹೋದ.

ಈಗ ನಿಮ್ಮ ವಿಷಯ. ಗುರುವಾರ ಸಂಜೆ ಸದಾನಂದ ನಿಮ್ಮ ಪಾಸ್‌ಪೋರ್ಟ್ ಒಯ್ಯಲು ಬರುತ್ತಾನೆ. ನಿಮ್ಮ ಗಂಡನ ಸೋದರತ್ತೆಯ ಅಳಿಯ. ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಎಂದು ಪತ್ರ ಕೊಟ್ಟಿದ್ದಾನೆ. ಅವನೇ ಕಳಿಸಿದ ವೀಸಾದಲ್ಲಿ ಮಾತ್ರ ‘ವಿಸಿಟ್’ ಎಂದಿದೆ. ನೀವು ಅದನ್ನು ಓದಿದ್ದೀರಿ. ಓದಿ ಅತ್ತೆಗೆ ಹೇಳಿದ್ದೀರಿ. “ಅವ ನಮ್ಮವ ಅಲ್ದಾ, ಅವನತ್ರ ಹೀಂಗೆಲ್ಲ ಕೇಂಬುದಾ?” ಎಂದರು ಅತ್ತೆ.

ನಮ್ಮವರೆಗೆ ಬಂದ ಕಥೆಯಲ್ಲಿ ನೀವು ಕೇಳಲಿಲ್ಲ. ಚಾ ಮಾಡಿದಿರಿ, ಜೊತೆಗೆ ಗೋಳಿಬಜೆ. ಹೋಗಿ ನೋಡಿದರೆ ಆಸ್ಪತ್ರೆ ಇರಲಿಲ್ಲ. ಯಾರದೋ ಮನೆಯ ಹಿಂದಿನ ಕೋಣೆ ಇತ್ತು, ಅದರ ಚಿಲಕ ಹೊರಗಡೆ ಇತ್ತು. ಎಷ್ಟೋ ವರ್ಷಕ್ಕೆ ತಿರುಗಿ ಬಂದವರು ಊರಿನ ಹುಡುಗಿಯರ ಪರವಾಗಿ ಏಜೆಂಟರನ್ನು ಎದುರು ಕೂರಿಸಿಕೊಂಡು ಕೇಳತೊಡಗಿದಿರಿ. ಊರು ನಿಮ್ಮನ್ನು ನಾಚಿಕೆಗೆಟ್ಟವಳು ಎಂದಿತು. ನೀವು ಹೌದು ಎಂದಿರಿ. ನನ್ನ ಬೋರ್ಡು ಬಂದದ್ದು ಅಲ್ಲಿಂದ.

ನೀವು ಆಮೇಲೆ ಏಜೆಂಟರನ್ನು ಕೇಳಿದ್ದನ್ನು ಈ ಗುರುವಾರವೇ ಇವನನ್ನು ಕೇಳಿ. ನಿನ್ನ ಲೈಸೆನ್ಸ್ ನಂಬರು ಏನು, ಪರವಾನಗಿ ಇರುವ ಏಜೆಂಟರ ಹೆಸರಿರುವ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನಿನ್ನ ಹೆಸರು ಏಕಿಲ್ಲ? ಕೆಲಸಕ್ಕೆ ಕರೆಯುವವರು ವಿಸಿಟ್ ವೀಸಾ ಏಕೆ ಕೊಟ್ಟರು? “ಅಲ್ಲಿ ಹೋದ್ ಮೇಲೆ ಬದಲ್ ಮಾಡುವ” ಎನ್ನುತ್ತಾನೆ. ಬದಲು ಮಾಡಿಸಿಕೊಂಡೇ ಬಾ, ನಾನು ಇಲ್ಲೇ ಇರುತ್ತೇನೆ ಎನ್ನಿ. ಪತ್ರದಲ್ಲಿರುವ ನಂಬರಿಗೆ ಫೋನು ಮಾಡಬೇಡಿ, ಎತ್ತುವವನೂ ಅವನ ಕಡೆಯವನೇ. ಆಸ್ಪತ್ರೆಯ ನಂಬರು ನೀವೇ ಹುಡುಕಿ. ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೂ ಬರೆದು ವಿಚಾರಿಸಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ. ಅವನಿಗೆ ಅವಮಾನವಾದರೆ ಆಗಲಿ. ಅವಮಾನಕ್ಕೆ ಚಿಲಕ ಇರುವುದಿಲ್ಲ.

ಇದರ ಲಾಭನಷ್ಟ ನೋಡಿಯೇ ಬರೆಯುತ್ತಿದ್ದೇನೆ. ನೀವು ಕೇಳಿದರೆ ಆ ಕೋಣೆ ಇಲ್ಲ. ಕೋಣೆ ಇಲ್ಲದಿದ್ದರೆ ಕೇಳುಮನೆ ಹುಟ್ಟದೆಯೂ ಇರಬಹುದು, ನನ್ನ ಬೋರ್ಡೂ. “ನಿನ್ ಅನ್ನಕ್ಕೆ ನೀನೇ ಮಣ್ಣು ಹಾಕ್ಕಂತೆ ಅಲ್ದಾ?” ಎಂದು ಪಕ್ಕದ ತೆಪ್ಪದವರು ಕೇಳಿದರು. ಹಾಕಿಕೊಳ್ಳುತ್ತೇನೆ. ನನಗೆ ಬಲೆ ಹೆಣೆಯಲು ಬರುತ್ತದೆ. ನಿಮ್ಮ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದದ್ದಕ್ಕೆ ಸಿಕ್ಕ ಹುದ್ದೆ ನನಗೆ ಬೇಡ.

ಅವನು ಜಗಲಿಯಲ್ಲಿ ಕೂತ ಕೂಡಲೇ ಅತ್ತೆ ಒಳಗೆ ಬಂದು ಒಲೆಯ ಕಡೆ ಕಣ್ಸನ್ನೆ ಮಾಡುತ್ತಾರೆ. ಚಾಕ್ಕೆ ನೀರಿಡಬೇಡಿ. ಹೊರಗೆ ಬಂದು ಅವನ ಎದುರು ಕೂತುಕೊಳ್ಳಿ.

ಇಂತಿ,
ತಾರಿಣಿ
ಸದ್ಯಕ್ಕೆ ನಾಚಿಕೆಗೆಟ್ಟವಳು