ಕಂದು ಕೋಳಿಯ ಹಳೇ ಜಾಗ

ಅಮ್ಮ,

ನೀನು ಹೋದ ಮೇಲೆ ನಿನ್ನ ಕೋಳಿಗಳು ನನ್ನ ಪಾಲಿಗೆ ಬಂದವು. ಇದು ನಿನಗೆ ತಲುಪುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಂದು ಕೋಳಿ ಹೋದ ವಾರ ಕಾಳು ಮುಟ್ಟದೆ ತೂಕಡಿಸುತ್ತಾ ಕೂತಿತು. ಉಳಿದವು ಬಿಡುತ್ತವೆಯೇ? ಕುಕ್ಕಿ ಕುಕ್ಕಿ ನೆತ್ತಿಯಲ್ಲಿ ರಕ್ತ ಬರಿಸಿದವು.

"ಒಳಗೆ ಕೋಣೇಲಿ ಇಡಕ್ಕ, ಪಾಪ, ಬೆಚ್ಚಗಿರ್ಲಿ," ಅಂದ ತಮ್ಮ.

"ಬೇಡ ಕಣೋ. ಕಣ್ಣಿಂದ ಮರೆಯಾದ್ರೆ, ವಾಪಸ್ ಬಂದಾಗ ಯಾರೋ ಹೊಸಬಳು ಅಂತ ಕೊಂದೇ ಹಾಕ್ತವೆ. ಅಮ್ಮ ಹೇಳ್ತಿದ್ದದ್ದು ಮರೆತ್ಯಾ?"

ನೀನು ಮಾಡುತ್ತಿದ್ದ ಹಾಗೆಯೇ ಅದನ್ನು ಹಿತ್ತಲ ನಡುವೆ ಬಿಟ್ಟು, ಮೇಲೆ ಬುಟ್ಟಿ ಕವುಚಿದೆ. ಕೊಕ್ಕು ಬಿಡಿಸಿ ನೀರು ಹನಿಸಿದೆ. ಉಳಿದವು ಸುತ್ತಲೂ ಕೆದಕುತ್ತಾ, ಬುಟ್ಟಿಯ ಸಂದಿಯಿಂದ ಅದನ್ನು ದಿನವೂ ನೋಡುತ್ತಿದ್ದವು. ಇವತ್ತು ಬುಟ್ಟಿ ಎತ್ತಿದೆ. ಹುಂಜ ಒಮ್ಮೆ ತಿರುಗಿ ನೋಡಿತು, ಅಷ್ಟೇ. ಸಂಜೆ ಗೂಡಿನ ಅಡ್ಡಕೋಲಿನ ಮೇಲೆ ಎಲ್ಲವೂ ಸರಿದು ಅದರ ಹಳೇ ಜಾಗ ಬಿಟ್ಟುಕೊಟ್ಟವು.

ನಿನಗೆ ಎಲ್ಲವೂ ಗೊತ್ತಿತ್ತು, ಕೋಳಿಗಳ ವಿಷಯದಲ್ಲಿ. ಚಿಕ್ಕಂದಿನಲ್ಲಿ ನನಗೆ ಆ ಕೆಮ್ಮು ಹತ್ತಿದಾಗ ಮಾತ್ರ ನೀನು ನನ್ನನ್ನು ದೊಡ್ಡಮ್ಮನ ಊರಿಗೆ ಸಾಗಹಾಕಿದೆ. ಎರಡು ವರ್ಷದಲ್ಲಿ ಒಂದು ಸಲವೂ ತಮ್ಮನನ್ನು ಕರೆತಂದು ತೋರಿಸಲಿಲ್ಲ. ಮನೆಯಲ್ಲಿ ಬುಟ್ಟಿಗೇನೂ ಬರವಿರಲಿಲ್ಲ, ಅಮ್ಮ.

ವಾಸಿಯಾಗಿ ಹೊಸಿಲು ತುಳಿದಾಗ ಅವನು ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಯಾರಮ್ಮ ಇವ್ಳು?" ಅಂದ. ನೀನು ನಕ್ಕೆ. ಆಮೇಲೆ ಅಟ್ಟದಿಂದ ನೆಂಟರ ಹಾಸಿಗೆ ಇಳಿಸಿ ನನಗೆ ಹಾಸಿಕೊಟ್ಟೆ.