ಸೊಣ್ಣಮ್ಮ ಕೇಳಿಸಿಕೊಂಡ ಪುಸ್ತಕ

ಹೊಸಕೋಟೆ
ಬುಧವಾರ, 12 ನವೆಂಬರ್ 1969

ಪ್ರೀತಿಯ ಯಜಮಾನರಿಗೆ ರುಕ್ಮಿಣಿ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಸಂಜೆ ಹೊತ್ತಿನ ಜ್ವರ ನಿಂತಿತೇ? ತೂಕ ಸ್ವಲ್ಪ ಹೆಚ್ಚಿದೆ ಎಂದು ಬರೆದಿದ್ದಿರಲ್ಲ, ಅಷ್ಟನ್ನು ಮಾತ್ರ ಅತ್ತೆಯವರು ಮತ್ತೆ ಮತ್ತೆ ಓದಿಸಿಕೊಂಡರು. ಸ್ಯಾನಟೋರಿಯಂನಲ್ಲಿ ಕೊಡುವ ಮೊಟ್ಟೆಯನ್ನು ಪಕ್ಕದ ಹಾಸಿಗೆಯವರಿಗೆ ದಾಟಿಸಬೇಡಿ, ನೀವೇ ತಿನ್ನಿ. ಕಿಟಕಿ ತೆರೆದೇ ಮಲಗಿಸುತ್ತಾರಂತೆ, ಮಫ್ಲರ್ ತೆಗೆಯಬೇಡಿ. ಇಲ್ಲಿಯೂ ಚಳಿ ಹಿಡಿದಿದೆ. ಅತ್ತೆಯವರ ಮಂಡಿನೋವು ಇದ್ದ ಹಾಗೇ ಇದೆ. ನಾನು ಆರೋಗ್ಯವಾಗಿದ್ದೇನೆ, ಆದರೆ ದಣಿದಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ.

ಶಾಲೆ ಪುಸ್ತಕಗಳ ಕಾಲ ಮುಗಿದರೆ ಅಂಗಡಿಯಲ್ಲಿ ಉಸಿರಾಡಬಹುದು ಎಂದುಕೊಂಡಿದ್ದೆ. ತಪ್ಪು ಲೆಕ್ಕ. ನೋಟುಪುಸ್ತಕ, ಶಾಯಿ ಮಾರುವುದಕ್ಕೆ ಕೈ ಇದ್ದರೆ ಸಾಕು. ಓದಲು ಪುಸ್ತಕ ಕೇಳಿಕೊಂಡು ಬರುವವರದೇ ಕಷ್ಟ. ‘ಚೆನ್ನಾಗಿರೋದು ಒಂದು ಕೊಡಿ’ ಅನ್ನುತ್ತಾರೆ. ನೀವಾದರೆ ಬಂದವರ ಮುಖ ನೋಡಿ ಬೀರುವಿಗೆ ಕೈ ಹಾಕುತ್ತಿದ್ದಿರಿ. ನನಗೆ ಆ ವಿದ್ಯೆ ಇಲ್ಲ, ಓದಿಯೇ ಹೇಳಬೇಕು. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟುಕೊಂಡು ಕಾದಂಬರಿ ಓದುತ್ತೇನೆ, ಕಣ್ಣು ಉರಿಯುತ್ತದೆ. ಕೋಲಾರದ ಬಸ್ಸಿನ ಕಂಡಕ್ಟರ್ ಜವರಪ್ಪ ಪತ್ತೇದಾರಿ ಕಥೆಗಳನ್ನೆಲ್ಲ ಓದಿ ಮುಗಿಸಿಬಿಟ್ಟಿದ್ದಾನೆ. ಬೇರೆ ದಾರಿ ಕಾಣದೆ ಹಿಮಾಲಯದ ಪ್ರವಾಸ ಕಥನವೊಂದನ್ನು ಕೊಟ್ಟೆ. ಅದರಲ್ಲಿ ಕೊಲೆ ಎಲ್ಲಿ ಬರುತ್ತದೆ ಎಂದು ಕಾಯುತ್ತಾ ಪೂರ್ತಿ ಓದಿದನಂತೆ. ಈಗ ಅಂಥದ್ದೇ ಇನ್ನೊಂದು ಬೇಕಂತೆ. ಸಮೇತನಹಳ್ಳಿಯ ಪಾಪಯ್ಯನವರು ಕೋಳಿ ಸಾಕಣೆಯ ಪುಸ್ತಕಕ್ಕೆಂದು ಬಂದವರು ಹೆಂಡತಿಗೆ ನಗೆಬರಹಗಳ ಪುಸ್ತಕವನ್ನೂ ಒಯ್ದರು. ನಿವೃತ್ತ ಮೇಷ್ಟ್ರು ಮುನಿವೆಂಕಟಪ್ಪನವರು ಮಾತ್ರ ಕಾದಂಬರಿಯೆಲ್ಲ ಸುಳ್ಳು ಎಂದು ಮೂಗು ಮುರಿಯುತ್ತಾರೆ. ಪಾಳೇಗಾರರ ಕಾಲದ ಕಾದಂಬರಿಯೊಂದನ್ನು ಇತಿಹಾಸವೆಂದೇ ಹೇಳಿ ಕೊಟ್ಟಿದ್ದೆ. ಇಸವಿಗಳು ತಪ್ಪಿವೆ ಎಂದು ಬೆಳಗಿನ ಹೊತ್ತನ್ನೆಲ್ಲ ತಿಂದರು, ಆದರೆ ಪುಸ್ತಕ ಹಿಂದಕ್ಕೆ ಕೊಡಲಿಲ್ಲ.

ಇದೆಲ್ಲ ಇರಲಿ. ನನ್ನನ್ನು ಹಣ್ಣು ಮಾಡಿದ್ದು ಬೇರೆ. ಸಂತೆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವ ಪಿಳ್ಳಪ್ಪನ ಹೆಂಡತಿ ಆದಿಲಕ್ಷ್ಮಿ ನಿಮಗೆ ನೆನಪಿರಬಹುದು, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಹುಡುಗಿ. ಹಿಟ್ಟಿನ ಮಿಲ್ಲಿಗೆ ಬಂದಾಗೆಲ್ಲ ಡಬ್ಬ ಕಂಕುಳಲ್ಲಿಟ್ಟುಕೊಂಡೇ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲ. ಅತ್ತೆ ಸೊಣ್ಣಮ್ಮ ಆಡಬಾರದ ಮಾತು ಆಡುತ್ತಾಳೆಂದು ಬೀದಿಗೆಲ್ಲ ಗೊತ್ತು. ಹುಡುಗಿ ನನ್ನ ಹತ್ತಿರ ಒಂದು ಮಾತೂ ಹೇಳಿರಲಿಲ್ಲ. ಒಂದು ದಿನ ಕಾದಂಬರಿ ಬೇಡ ಅಂದಳು. ಡಾಕ್ಟರೊಬ್ಬರು ಬರೆದ ಮನೆ ಮಂದಿಯ ಆರೋಗ್ಯದ ಪುಸ್ತಕವನ್ನು ನಾನೇ ತೆಗೆದು ಕೊಟ್ಟೆ. ಮಕ್ಕಳಾಗದವರ ವಿಷಯವೂ ಅದರಲ್ಲಿದೆ ಎಂದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ.

ಅವಳು ಓದಿದಳು. ಇಬ್ಬರೂ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೊಳ್ಳೋಣ ಎಂದು ಗಂಡನನ್ನು ಕೇಳಿದಳು. ಅವನು ಕೆನ್ನೆಗೆ ಹೊಡೆದ. ಮಾರನೆಯ ಬೆಳಿಗ್ಗೆ ಅವಳು ತವರಿಗೆ ಬಸ್ಸು ಹತ್ತಿದಳು. ಅವತ್ತೇ ಸೊಣ್ಣಮ್ಮ ನಮ್ಮ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ ಪುಸ್ತಕವನ್ನು ಗಲ್ಲಾ ಮೇಲೆ ಎಸೆದಳು. ಮನೆ ಒಡೆಯುವವಳು ಅಂದಳು ನನ್ನನ್ನು. ಗಂಡನಿಲ್ಲದ ಅಂಗಡಿಯಲ್ಲಿ ಕೂತು ಊರ ಸೊಸೆಯರಿಗೆ ಬುದ್ಧಿ ಕಲಿಸುತ್ತಾಳೆ ಅಂದಳು. ನಾನು ಪುಸ್ತಕದ ಕಿತ್ತುಹೋದ ರಟ್ಟನ್ನು ಸರಿಮಾಡುತ್ತಾ ನಿಂತಿದ್ದೆ. ಆಮೇಲೆ ಕೆಲವು ದಿನ ಹೆಂಗಸರು ಅಂಗಡಿಯ ಕಡೆ ಮುಖ ಹಾಕಲಿಲ್ಲ. ನಿಮಗೆ ಬರೆಯಲಿಲ್ಲ, ಜ್ವರ ಏರೀತು ಎಂದು ಹೆದರಿದೆ.

ಒಂದು ಮಧ್ಯಾಹ್ನ ಬೀದಿ ಖಾಲಿ ಇದ್ದಾಗ ಸೊಣ್ಣಮ್ಮ ಮತ್ತೆ ಬಂದಳು. ಮೆಟ್ಟಿಲ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದಳು: “ಅದ್ರಾಗೆ ಏನೈತೆ ಓದು. ನಂಗೆ ಅಕ್ಷರ ಬರಾಕಿಲ್ಲ. ಆ ಹುಡುಗಿ ಏನ್ ಓದಿ ಎದ್ದೋದ್ಲು ಅಂತ ತಿಳೀಬೇಕು.” ಕೆಟ್ಟದ್ದೇನೋ ಇದೆ, ಅದನ್ನು ಹಿಡಿದು ತೋರಿಸಬೇಕು ಅನ್ನುವ ಹಟ ಅವಳದು. ನಾನು ಮೊದಲಿನಿಂದಲೇ ಓದಿದೆ. ಕುಡಿಯುವ ನೀರು, ಎಳೆಕೂಸಿನ ಭೇದಿ, ಬಾಣಂತಿಯ ಊಟ. ಅವಳು ದಿನಾ ಬಂದಳು. ಕೆಲವಕ್ಕೆ ತಲೆಯಾಡಿಸಿದಳು, ಬಾಣಂತಿ ಊಟದ ಬಗ್ಗೆ ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂದಳು. ಕೊನೆಗೆ ಆ ಅಧ್ಯಾಯ ಬಂತು. ಮಕ್ಕಳಾಗದಿದ್ದರೆ ಹೆಂಡತಿಯೊಬ್ಬಳನ್ನೇ ಪರೀಕ್ಷಿಸಿದರೆ ಸಾಲದು, ತೊಂದರೆ ಗಂಡನಲ್ಲಿಯೂ ಇರಬಹುದು, ಬೈಗುಳ ಅದಕ್ಕೆ ಔಷಧವಲ್ಲ ಎಂದಿತ್ತು. ಎದ್ದು ಕೂಗಾಡುತ್ತಾಳೆ ಎಂದುಕೊಂಡೆ.

“ಇನ್ನೊಂದ್ಸಲ ಓದು” ಅಂದಳು. ಓದಿದೆ. ಆಮೇಲೆ ರಸ್ತೆಯ ಕಡೆಗೇ ನೋಡುತ್ತಾ ಹೇಳಿದಳು:

“ಪಿಳ್ಳಪ್ಪ ಹುಟ್ಟಾಕೆ ಮುಂಚೆ ನಂಗೂ ಬಾಳ ವರ್ಷ ಆಗಿರಲಿಲ್ಲ. ನಮ್ಮತ್ತೆ ನನ್ನ ಕೈಲಿ ಹಸೂಗೆ ನೀರೂ ಇಡಿಸ್ತಿರಲಿಲ್ಲ. ಅವತ್ತು ಯಾರೂ ಇದನ್ನ ಹೇಳಲಿಲ್ವಲ್ಲ ರುಕ್ಮಿಣಮ್ಮ.”

ಅವಳಿಗೆ ಕಾಫಿ ತಂದುಕೊಟ್ಟೆ. ಮುಂದಿನ ವಾರ ಸೊಣ್ಣಮ್ಮ ಒಬ್ಬಳೇ ಚನ್ನರಾಯಪಟ್ಟಣಕ್ಕೆ ಹೋಗಿ ಬಂದಳು. ಗಂಡ ಮೊದಲು ಆಸ್ಪತ್ರೆಗೆ ಬರಲಿ, ಆಮೇಲೆ ಮನೆಗೆ ಬರುತ್ತೇನೆ ಎಂದಳಂತೆ ಹುಡುಗಿ. ಅದು ಸರಿಯಾದ ಮಾತೇ ಎಂದು ಸೊಣ್ಣಮ್ಮ ಬೀದಿಯಲ್ಲೇ ನಿಂತು ಮಗನಿಗೆ ಹೇಳಿದಳು. ಪಿಳ್ಳಪ್ಪ ಅವಮಾನವಾಯಿತೆಂದು ಕೆಲವು ದಿನ ಮಾತು ಬಿಟ್ಟಿದ್ದ. ಕೊನೆಗೆ ತಾಯಿಯೇ ಜೊತೆಗೆ ಬೆಂಗಳೂರಿಗೆ ಕರೆದುಕೊಂಡು ಹೋದಳು, ಆದಿಲಕ್ಷ್ಮಿಯೂ ಅಲ್ಲಿಗೇ ಬಂದಳು. ಡಾಕ್ಟರು ಅವನಿಗೇ ಔಷಧಿ ಬರೆದಿದ್ದಾರೆ. ಗುಣವಾಗುತ್ತದೋ ಇಲ್ಲವೋ ಅವರೂ ಹೇಳಲಿಲ್ಲ. ಹೋದ ಶುಕ್ರವಾರ ಹುಡುಗಿ ಮನೆಗೆ ಬಂದಿದ್ದಾಳೆ. ಹೊಡೆದದ್ದಕ್ಕೆ ಅವನು ಇನ್ನೂ ತಪ್ಪಾಯಿತು ಅಂದಿಲ್ಲ, ಅವಳೂ ಅವನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಇದು ಕಥೆಪುಸ್ತಕವಾಗಿದ್ದರೆ ಇಷ್ಟಕ್ಕೆ ಮುಗಿಸುತ್ತಿರಲಿಲ್ಲ. ಆದರೂ ನಿನ್ನೆ ಅತ್ತೆ ಸೊಸೆ ಇಬ್ಬರೂ ಮಿಲ್ಲಿಗೆ ಒಟ್ಟಿಗೆ ಹೋಗುವುದನ್ನು ನೋಡಿದೆ. ಮನಸ್ಸು ಒಂದಿಷ್ಟು ಹಗುರವಾಯಿತು.

ಈಗ ಕೈ ಸೋಲುತ್ತಿದೆ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ, ಹಾಸಿಗೆಯಲ್ಲಿ ಓದುತ್ತಾ ನಿದ್ದೆ ಕೆಡಬೇಡಿ.

ನಿಮ್ಮ
ರುಕ್ಮಿಣಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿಮ್ಮ ಚಿಕ್ಕಪ್ಪನ ಮಗ ಚಿಕ್ಕಬೀರಪ್ಪ ಬಂದಿದ್ದರು. ನಮ್ಮ ಅಂಗಡಿಯ ಜಾಗ ಅವರ ಗೊಬ್ಬರದ ವ್ಯಾಪಾರಕ್ಕೆ ಬೇಕಂತೆ, ನಿಮ್ಮನ್ನು ನೋಡಲು ಬಂದಾಗ ನೀವು ಆಗಲಿ ಅಂದಿರಂತೆ. ನನ್ನ ಕಷ್ಟ ನೆನೆದು ಅಂದಿರಬೇಕು. ಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಕೋಪ ಮಾಡಿಕೊಳ್ಳಬೇಡಿ. ದಣಿದಿದ್ದೇನೆ ಎಂದು ಬರೆದೆ, ಬಿಡುತ್ತೇನೆ ಎಂದು ಬರೆದಿಲ್ಲ.