ಗೋಲಿನ ಹಿಂದಿನ ದನಿ

ಕಾಲೇಜು ಹಾಸ್ಟೆಲ್, ಮಹಡಿಯ ಮೂಲೆ ಕೋಣೆ
ಸೋಮವಾರ ಸಂಜೆ

ಇನ್ನೂ ಮುಖ ಊದಿಸಿಕೊಂಡೇ ಇರುವ ನನ್ನ ಅಮ್ಮನಿಗೆ,

ನಿನ್ನ ಮಗಳ ಪ್ರೀತಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಊಟ ಆಗಿದೆ, ಕಿಟಕಿ ಮುಚ್ಚಿಕೊಂಡೇ ಮಲಗುತ್ತೇನೆ. ಫೋನಿನಲ್ಲಿ ನೀನು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಮುಗಿಯಿತು. ನನಗೆ ಹೇಳಬೇಕಾದ ಒಂದನ್ನು ಮಾತ್ರ ನೀನು ಕೇಳುವುದಿಲ್ಲ. ನಾನಾಗಿ ಹೇಳಹೊರಟರೆ, ಒಲೆ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಡುತ್ತೀಯ. ಅದೆಷ್ಟು ಹಾಲು ಕಾಯಿಸುತ್ತೀಯಮ್ಮ! ಪತ್ರವನ್ನಾದರೆ ಪೂರ್ತಿ ಓದುತ್ತೀಯ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಕೇಳು. ನಾವು ಫುಟ್‌ಬಾಲ್ ಫೈನಲ್ಲಿಗೆ ಬಂದಿದ್ದೇವೆ.

ಹೌದು, ನಾವೇ. ಹೋದ ವರ್ಷ ಆಡಿದ್ದನ್ನೆಲ್ಲ ಸೋತು, ಎಲ್ಲ ಕಾಲೇಜುಗಳಿಗಿಂತ ಕೆಳಗೆ ಬಿದ್ದು, ಕ್ಯಾಂಟೀನಿನವನಿಂದಲೂ 'ಇವತ್ತೆಷ್ಟು ಹೊಡೆಸ್ಕೊಂಡು ಬಂದ್ರಿ?' ಎಂದು ಕೇಳಿಸಿಕೊಂಡ ಅದೇ ಹುಡುಗಿಯರು. ಈಗ ಅದೇ ಕ್ಯಾಂಟೀನಿನವನು ನಮ್ಮನ್ನು ಕಂಡರೆ ಓಡಿಬಂದು ಬೆಂಚು ಒರೆಸುತ್ತಾನೆ. ಭಾನುವಾರ ಸಂಜೆ ಫೈನಲ್. ಕಪ್ ನಮ್ಮದೇ. ಜಂಬ ಅಂದರೆ ಜಂಬ ಅನ್ನು, ನನಗೇನೂ ಬೇಜಾರಿಲ್ಲ.

ಹೋದ ವರ್ಷದ ಕೊನೆಯ ಪಂದ್ಯದ ಮಾತನ್ನು ನಾವಿಬ್ಬರೂ ಈತನಕ ಎತ್ತಿಲ್ಲ. ಇವತ್ತು ಎತ್ತೋಣ. ನೀನು ಎಂದಿನಂತೆ ನನ್ನ ಗೋಲಿನ ಹಿಂದೆ ಬೇಲಿಗೆ ಆತುಕೊಂಡು ನಿಂತಿದ್ದೆ. ಬೆಳಗಿನಿಂದ ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ಬಂದರೂ ನಿನ್ನ ಗಂಟಲಿಗೆ ದಣಿವುಂಟೇ? 'ಎಡಕ್ಕೆ ನೋಡೇ!' 'ಹಿಂದೆ ಒಬ್ಳು ಬಂದ್ಲು!' 'ಒದ್ದು ಕಳ್ಸೇ ಆಚೆಗೆ!' ನಮ್ಮಿಬ್ಬರದೂ ಒಂದೇ ದನಿ. ಒಂದು ಸಾರಿ ನಾನು ಫೋನ್ ಎತ್ತಿದಾಗ ಅಪ್ಪನೇ ಏಮಾರಿ, 'ತಪ್ಪಾಯ್ತು ಕಣೇ, ಇನ್ನೂ ಸಿಟ್ಟೇನೆ?' ಎಂದು ಗೋಗರೆದು, ಆಮೇಲೆ ಎರಡು ದಿನ ನನ್ನ ಮುಖ ನೋಡಿರಲಿಲ್ಲ. ಕಟ್ಟಿಕೊಂಡವರಿಗೇ ಗುರುತು ಸಿಗದ ಮೇಲೆ ನಮ್ಮ ಡಿಫೆನ್ಸ್ ಹುಡುಗಿಯರ ಪಾಡೇನು? ಅವರು ಚೆಂಡಿನ ಮೇಲೆ ಕಣ್ಣಿಟ್ಟು ನನಗೆ ಬೆನ್ನು ಹಾಕಿ ನಿಂತಿರುತ್ತಾರೆ. ಹಿಂದಿನಿಂದ ದನಿ ಬಂದರೆ ಅದು ಗೋಲ್‌ಕೀಪರಿನದೇ ಎಂದು ನಂಬುತ್ತಾರೆ. ಅವತ್ತು ಮೂಲೆಯಿಂದ ಒದ್ದ ಚೆಂಡೊಂದು ದೂರದಿಂದ ಹಾರಿಬಂತು. 'ಬಿಡೇ, ಆಚೆ ಹೋಗುತ್ತೆ!' ಎಂದು ನೀನು ಕೂಗಿದೆ. ನಾವು ಗೋಡೆ ಎಂದು ಕರೆಯುವ ಹುಡುಗಿ ಯಾರಿಗೂ ಜಗ್ಗುವವಳಲ್ಲ. ನಾನೇ ಹೇಳಿದೆನೆಂದುಕೊಂಡು ಪಕ್ಕಕ್ಕೆ ಸರಿದಳು. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಕೋಚ್ ಮೇಡಂ ಎಲ್ಲರ ಎದುರಿಗೇ, 'ಇನ್ಮೇಲೆ ಮೈದಾನದ ಕಡೆ ಬರೋದು ಬೇಡ ಅಂತ ನಿಮ್ಮಮ್ಮಂಗೆ ಹೇಳು' ಎಂದರು. ನಾನು ಕೋಲೆ ಬಸವನ ಹಾಗೆ ತಲೆ ಅಲ್ಲಾಡಿಸಿದೆ. ಮಂಡಿಗೆ ಬಂದು ಅವರು ಹೇಳಿದ್ದನ್ನೇ ನಿನಗೆ ಒಪ್ಪಿಸಿದೆ. ಟೊಮೇಟೊ ಕ್ರೇಟು ಜೋಡಿಸುತ್ತಿದ್ದವಳು ನೀನು ತಲೆ ಎತ್ತಲಿಲ್ಲ. 'ಸರಿ ಬಿಡು, ನಂಗೂ ಕೆಲ್ಸ ಇರುತ್ತೆ' ಎಂದೆ. ಅವತ್ತಿನಿಂದ ಫುಟ್‌ಬಾಲ್ ಎಂದರೆ ನಿನಗೆ ಕಿವಿಯೇ ಕೇಳಿಸುವುದಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಈ ವರ್ಷದ ಮೊದಲ ಪಂದ್ಯವನ್ನೂ ಸೋತೆವು. ನೀನಿರಲಿಲ್ಲ, ಇನ್ನು ಯಾರ ತಲೆಗೆ ಕಟ್ಟುವುದು? ಮೈದಾನ ಗಪ್‌ಚಿಪ್. ಡಿಫೆನ್ಸಿನವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ವಿರಾಮದಲ್ಲಿ ಗೋಡೆ ನನ್ನ ಮೇಲೆ ಹರಿಹಾಯ್ದಳು. 'ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ಹೋದ ವರ್ಷ ಅಷ್ಟು ಚೆನ್ನಾಗಿ ಕೂಗ್ತಿದ್ದೆಯಲ್ಲೇ!' ನಾನು ಅವಳ ಮುಖ ನೋಡಿದೆ. ಅವಳಿಗೂ ಹೊಳೆಯಿತು. ಹೋದ ವರ್ಷ ಕೂಗಿದ್ದೆಲ್ಲ ನೀನಮ್ಮ! ನೀನು ಹೇಗೂ ಇದ್ದೀಯಲ್ಲ ಎಂದು ನಾನು ಬಾಯಿ ಬಿಟ್ಟೇ ಇರಲಿಲ್ಲ. ನಿನ್ನ ಮಾತು ಕೇಳಿ ನಮಗೆ ಬೀಳಬೇಕಿದ್ದ ಎಷ್ಟು ಗೋಲು ತಪ್ಪಿತೋ, ಅದನ್ನು ಯಾರೂ ಎಣಿಸಲಿಲ್ಲ. ತಪ್ಪಿ ಬಿದ್ದ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು. ನನಗೆ ಅವತ್ತು ಎಷ್ಟು ಸಂಕಟವಾಯಿತೆಂದರೆ, ಬೂಟು ಬಿಚ್ಚದೆ ಹಾಸಿಗೆ ಮೇಲೆ ಬಿದ್ದುಕೊಂಡು ಅತ್ತೆ.

ಆಮೇಲೆ ಕೂಗುವುದನ್ನು ಕಲಿತೆ. ಕ್ರೇಟಿನ ಮೇಲೆ ಹತ್ತಿ ನಿಂತು ನೀನು ಹೊಟ್ಟೆಯಿಂದ ದನಿ ತೆಗೆಯುತ್ತೀಯಲ್ಲ, ಹಾಗೆಯೇ, ಖಾಲಿ ಮೈದಾನದಲ್ಲಿ ದಿನಾ ಬೆಳಿಗ್ಗೆ. ಮೊದಮೊದಲು ಹುಂಜಕ್ಕೆ ನೆಗಡಿಯಾದ ಹಾಗಿತ್ತು, ಹಾಸ್ಟೆಲಿನವರೆಲ್ಲ ಶಾಪ ಹಾಕಿದರು. ಎರಡನೆಯ ಪಂದ್ಯದಲ್ಲಿ 'ಒದ್ದು ಕಳ್ಸೇ ಆಚೆಗೆ!' ಎಂದು ಕಿರುಚಿದೆ ನೋಡು. ಗೋಡೆ ಬೀಸಿ ಒದ್ದಳು. ಒದ್ದವಳು ತಿರುಗಿ, ನೀನು ಬಂದಿದ್ದೀಯೇನೋ ಎಂದು ಬೇಲಿಯ ಕಡೆ ನೋಡಿದಳು! ಅವತ್ತು ಗೆದ್ದೆವು. ಆಮೇಲೆ ನಮ್ಮನ್ನು ಹಿಡಿಯುವವರೇ ಇಲ್ಲ. ಹೋದ ವರ್ಷ ನಮ್ಮ ಬೆವರಿಳಿಸಿದ್ದ ತಂಡಕ್ಕೆ ನೀರು ಕುಡಿಸಿದೆವು. ಸೆಮಿಫೈನಲ್ಲಿನಲ್ಲಿ ಪೆನಾಲ್ಟಿ ಹಿಡಿದೆ ಕಣಮ್ಮ, ಬಲಕ್ಕೆ ಹಾರಿ! ಮೊಣಕೈ ತರಚಿದೆ. ಬೈಯಬೇಡ, ಮುಲಾಮು ಹಚ್ಚಿದ್ದೇನೆ.

ಅಪ್ಪ ಎಲ್ಲ ಗುಟ್ಟು ಬಿಟ್ಟುಕೊಟ್ಟಿದ್ದಾರೆ. ಪಂದ್ಯದ ದಿನ ಸಂಜೆ, ಉಪ್ಪು ತನ್ನಿ ಎಂದು ಅವರನ್ನು ಬೀದಿ ಕೊನೆಯ ಅಂಗಡಿಗೆ ಅಟ್ಟುತ್ತೀಯಂತೆ. ಆ ಅಂಗಡಿಯವನ ಮಗಳು ನಮ್ಮ ಕಾಲೇಜಿನವಳು, ಸ್ಕೋರು ಅಲ್ಲೇ ಸಿಗುವುದು ಎಂದು ನನಗೆ ಗೊತ್ತಿಲ್ಲವೇ? ಅಪ್ಪ ಬಾಗಿಲಲ್ಲಿ ಕಾಲಿಡುವ ಮೊದಲೇ ಅವರ ಮುಖ ನೋಡುತ್ತೀಯಂತೆ. ಗೆದ್ದೆವು ಎಂದರೆ, 'ನಾನೇನು ಕೇಳಿದ್ನಾ?' ಎಂದು ಒಳಗೆ ಹೋಗುತ್ತೀಯಂತೆ. ಮನೆಯಲ್ಲೀಗ ಉಪ್ಪು ರಾಶಿ ಬಿದ್ದಿದೆಯಂತೆ.

ಸಾಕಮ್ಮ, ಭಾನುವಾರ ಬಾ. ಕೂಗಬೇಡ ಎನ್ನುವುದಿಲ್ಲ, ಕೂಗು ಎಂದೂ ಹೇಳುವುದಿಲ್ಲ. ಎಲ್ಲಿ ಬೇಕಾದರೂ ಕೂತುಕೋ. ಮೇಡಂ ಏನಾದರೂ ಅಂದರೆ ಉತ್ತರ ಕೊಡಲು ಈಗ ನನಗೆ ಬಾಯಿ ಬಂದಿದೆ. ಇಷ್ಟು ಪಂದ್ಯ ಗೆದ್ದೆ, ಪ್ರತಿ ಸಾರಿ ಗೆದ್ದ ಮೇಲೆ ಬೇಲಿಯ ಕಡೆ ನೋಡಿ ಬೆಪ್ಪಾಗಿದ್ದೇನೆ. ನೀನಿಲ್ಲದ ಗೆಲುವು ಸಪ್ಪೆ. ನನಗೆ ಅಲ್ಲಿ ನಿನ್ನ ಮುಖ ಕಾಣಬೇಕು, ಅಷ್ಟೇ.

ನಿನ್ನ ಗಂಟಲಿಗೆ ಒಬ್ಬಳೇ ವಾರಸುದಾರಳಾದ,
ನಿನ್ನ ಮಗಳು

ವಿ.ಸೂ. ಇವತ್ತು ಗುರುವಾರ. ಪತ್ರ ಇನ್ನೂ ನನ್ನ ಹತ್ತಿರವೇ ಇತ್ತು, ಒಳ್ಳೆಯದೇ ಆಯಿತು. ನಿನ್ನೆ ಅಭ್ಯಾಸದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತು, ಬೆಳಿಗ್ಗೆ ಎದ್ದರೆ ದನಿಯೇ ಇಲ್ಲ. ಒಂದು ವಾರ ಪಿಸುಗುಟ್ಟಲೂ ಕೂಡದೆಂದು ಡಾಕ್ಟರು ಹೇಳಿದ್ದಾರೆ. ಗಾಬರಿಯಾಗಬೇಡ, ಕೈಕಾಲು ಗಟ್ಟಿಯಾಗಿವೆ. ಮೇಡಂ ತಲೆ ಮೇಲೆ ಕೈ ಹೊತ್ತು ಕೂತು, 'ಬೇರೆ ಕೀಪರ್‌ನ ಇಳಿಸ್ಲಾ? ನೀನೇ ಹೇಳು' ಎಂದರು. ನಾನು ಈ ಪತ್ರವನ್ನು ಅವರ ಕೈಗಿಟ್ಟೆ. ಎರಡು ಸಾರಿ ಓದಿದರು. ವ್ಯಾನಿನ ಮಾತು ಬಂದ ಕಡೆ ಅವರ ಮುಖ ಕೆಂಪಾಯಿತು. ಆಮೇಲೆ ಎದ್ದು, 'ಪೋಸ್ಟಿಗೆ ಹಾಕ್ಬೇಡ, ನಾನೇ ತಗೊಂಡು ಹೋಗ್ತೀನಿ' ಎಂದರು. ನಿನಗೆ ಇದನ್ನು ಕೊಟ್ಟು ಮಂಡಿಯಲ್ಲಿ ಕೈಕಟ್ಟಿ ನಿಂತಿರುವವರು ಅವರೇ ಅಮ್ಮ. ಬೈಯುವುದಿದ್ದರೆ ಬೈದುಬಿಡು. ಆದರೆ ಮೆತ್ತಗೆ ಬೈಯಿ, ನಿನ್ನ ಗಂಟಲು ಭಾನುವಾರಕ್ಕೆ ಬೇಕು.